ನಾಲ್ಕನೆಯ ಅಕ್ಷ

ಪೀಳಮೇಡು
12 ಜನವರಿ 2025

ಭೂಮಿ,

ನಿನ್ನ ಬೆಟ್ಟದಲ್ಲಿ ಸಿಗ್ನಲ್ ಇಲ್ಲವೆಂದು ಮೊದಲು ಸಿಟ್ಟು ಬಂದಿತ್ತು. ಈಗ ಅದೇ ಒಳ್ಳೆಯದಾಯಿತು ಅನ್ನಿಸುತ್ತಿದೆ. ಫೋನಿನಲ್ಲಾದರೆ ನಾವಿಬ್ಬರೂ ಕಾಫಿ ಆಯಿತಾ ಎಂದು ಕೇಳುವಷ್ಟರಲ್ಲಿ ಜಗಳಕ್ಕೆ ಬಿದ್ದಿರುತ್ತೇವೆ. ಕಾಗದದ ಜಗಳಕ್ಕೆ ನಿಮ್ಮ ಕ್ಯಾಂಪಿನ ಈಶ್ವರನ್ ಜೀಪು ಆನೈಮಲೈಯಿಂದ ಅಕ್ಕಿಬೇಳೆ ಹೊತ್ತು ಹತ್ತುವವರೆಗೆ ಕಾಯಬೇಕು. ಅಷ್ಟು ಹೊತ್ತು ಸಿಟ್ಟನ್ನು ಬಿಸಿಯಾಗಿಟ್ಟುಕೊಳ್ಳುವುದು ಕಷ್ಟ.

ನಿನ್ನ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಶಾಲೆಗೆ ಇನ್ನೂ ಏನೂ ಹೇಳಿಲ್ಲ. ಒಂದು ವರ್ಷದ ರಜೆ ಮೇ ಕೊನೆಗೆ ಮುಗಿಯುತ್ತದೆ. ಅಲ್ಲಿಯವರೆಗೆ ಫಿಸಿಕ್ಸ್ ಟೀಚರ್ ಕುರ್ಚಿ ನನ್ನದೇ. ಹೆಡ್‌ಮಿಸ್ಟ್ರೆಸ್ ಕಲೈಸೆಲ್ವಿ ಒತ್ತಾಯ ಮಾಡುತ್ತಿಲ್ಲ. ಒತ್ತಾಯ ಮಾಡುತ್ತಿರುವವಳು ನೀನು.

ಎರಕಕ್ಕೆ ಮರದ ಮಾದರಿ ಕಡೆಯುವ ಮಾರಪ್ಪನ್ ಶೆಡ್ಡಿನಲ್ಲಿ ದಿನವಿಡೀ ಏನು ಮಾಡುತ್ತೀಯ ಅಂತ ಕೇಳಿದ್ದೀಯ. ನಾನು ಕೈಯಾರೆ ಜೋಡಿಸಿದ ಸಿ.ಎನ್.ಸಿ. ಯಂತ್ರವನ್ನು ನೀನು ಫೋಟೋದಲ್ಲಷ್ಟೇ ನೋಡಿದ್ದು. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಅದು ಮರದ ಹಲಗೆಯ ಮೇಲೆ ಕೊರೆಯುತ್ತದೆ. ಕೊರೆಯುವ ಅಲಗು ಎಡಬಲಕ್ಕೆ, ಹಿಂದಕ್ಕೂ ಮುಂದಕ್ಕೂ, ಮೇಲಕ್ಕೂ ಕೆಳಕ್ಕೂ, ಹೀಗೆ ಮೂರು ಅಕ್ಷಗಳಲ್ಲಿ ಓಡುತ್ತದೆ. ಹಲಗೆಗೆ ಅಷ್ಟು ಸಾಕು. ಗುಂಡಗಿನ ಮರಕ್ಕೆ ಸಾಲದು. ಅಲಗು ಎಷ್ಟೇ ಓಡಾಡಿದರೂ ಮರದ ಬೆನ್ನು ಅದಕ್ಕೆ ಸಿಗುವುದಿಲ್ಲ. ಅದಕ್ಕೇ ಈಗ ನಾಲ್ಕನೆಯ ಅಕ್ಷ ಸೇರಿಸುತ್ತಿದ್ದೇನೆ. ಮರವನ್ನು ಕಚ್ಚಿ ಹಿಡಿದು ನಿಧಾನವಾಗಿ ತಿರುಗಿಸುವ ಒಂದು ಹಿಡಿಕೆ, ಅದಕ್ಕೊಂದು ಪುಟ್ಟ ಮೋಟಾರು, ಎರಡರ ನಡುವೆ ಬೆಲ್ಟು.

ಇದಕ್ಕೆ ಕಾರಣ ಕಾಂಗೇಯಂನ ಕನ್ನಿಯಮ್ಮಾಳ್. ಎತ್ತಿನ ಹಗ್ಗ, ಗಂಟೆ, ಕೊಂಬಿನ ತುದಿಗೆ ಹಾಕುವ ಹಿತ್ತಾಳೆಯ ಕೊಂಬಣಸು, ಇವೆಲ್ಲದರ ವ್ಯಾಪಾರ ಅವರದು. ಮಾರಪ್ಪನ್ ಮನೆಯವರ ಹಾಗೆ ಇವರದೂ ತಮಿಳು ನೆಲಕ್ಕೆ ಬಂದು ಎಷ್ಟೋ ತಲೆಮಾರಾದ ಕನ್ನಡದ ಮನೆತನ. ಬಂದವರೇ ನನ್ನ ಯಂತ್ರದ ಸುತ್ತ ಒಂದು ಸುತ್ತು ಹಾಕಿದರು.

“ಏನುಂಗೊ ಟೀಚರಮ್ಮಾ, ಇದು ಹಲಗೇನೇ ತಾನ್ ಕೊರೀತದಾ? ನಮ್ಗೆ ಕುಪ್ಪಿಗೆ ಮಾದರಿ ವೇಣುಂ. ಗಿಳಿಯೂ ಬಳ್ಳಿಯೂ ಸುತ್ತಿ ಬರಣುಂ. ನಮ್ ಮರಗೆಲ್ಸದ ಆಸಾರಿ ಕಣ್ಣಾಪರೇಷನ್ ಮಾಡ್ಕೊಂಡು ಮಗಳ ಮನೇಲಿ ಟೀವಿ ನೋಡ್ತಾವ್ನೆ.”

ಕುಪ್ಪಿ ಅಂದರೆ ಕೊಂಬಣಸೇ. ಹಿತ್ತಾಳೆ ಎರಕ ಹೊಯ್ಯಲು ಬೇಕಾದ ಮರದ ಮಾದರಿ ಸರಿಯಾಗಿ ಬಂದರೆ ವರ್ಷವಿಡೀ ಕೆಲಸ ಕೊಡುತ್ತಾರಂತೆ. ಆಮೇಲೆ ನಾನು ಶಾಲೆಗೆ ಹೋಗಬೇಕಾದ್ದಿಲ್ಲ, ಭೂಮಿ. ಈ ವಾಕ್ಯ ಬರೆದು ಎದ್ದು ಹೋಗಿ ಪಾತ್ರೆ ತೊಳೆದು ಬಂದೆ. ಈಗಲೂ ಅದು ಹಾಗೇ ಇದೆ.

ನಿನ್ನ
ಅಮ್ಮ

*

ಆನೈಮಲೈ ಮೇಲೆ, ಕ್ಯಾಂಪ್
28 ಜನವರಿ

ಅಮ್ಮಾ,

ನಿನ್ನ ಕಾಗದ ಹುರಿಗಡಲೆ ವಾಸನೆಯ ಜೊತೆ ಬಂತು. ಈಶ್ವರನ್ ಅಣ್ಣ ಅದನ್ನು ಕಡಲೆ ಚೀಲದಲ್ಲಿ ಇಟ್ಟಿದ್ದರು.

ನಾನು ನೋಡುತ್ತಿರುವ ಮಂಗಟ್ಟೆ ಹಕ್ಕಿ ಗೂಡು ಸೇರಿದೆ. ಮರದ ಪೊಟರೆಯೊಳಗೆ ಹೆಣ್ಣು ಹೋಗಿ ಕೂತು, ಪೊಟರೆಯ ಬಾಯನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಗಂಡು ಅತ್ತಿಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ನಾನು ಎದುರಿನ ಬಂಡೆಯ ಹಿಂದೆ ಕೂತು ಬರೆದುಕೊಳ್ಳುತ್ತೇನೆ. ಕೂತಲ್ಲೇ ಕೂರಲು ನನಗೆ ಬರುವುದಿಲ್ಲವೆಂದು ನಿನಗೆ ಗೊತ್ತು. ಕಾಲು ಜೋಮು ಹಿಡಿದಾಗಲೆಲ್ಲ ಶೆಡ್ಡಿನಲ್ಲಿ ಬಾಗಿಲು ಮುಚ್ಚಿಕೊಂಡು ಕೂತ ನಿನ್ನ ನೆನಪಾಗುತ್ತದೆ.

ಅಮ್ಮಾ, ಕೊಂಬಣಸು ಮಾಡಬೇಡ ಅನ್ನುತ್ತಿಲ್ಲ. ಶಾಲೆ ಮುಗಿಸಿ ಸಂಜೆ ಮಾಡಬಹುದಲ್ಲ? ನಿನ್ನ ಮಕ್ಕಳಿಗೆ ನೀನೆಂದರೆ ಇಷ್ಟ. ಸ್ಟಾಫ್ ರೂಮಿನಲ್ಲಿ ಜೊತೆಗೆ ಕೂತು ಉಣ್ಣುವವರಿದ್ದಾರೆ. ಶೆಡ್ಡಿನಲ್ಲಿ ಮಧ್ಯಾಹ್ನ ಏನು ಉಣ್ಣುತ್ತೀಯ? ನಿಜ ಹೇಳು.

ಭೂಮಿ

*

ಪೀಳಮೇಡು
20 ಫೆಬ್ರವರಿ

ಭೂಮಿ,

ನನ್ನನ್ನು ಆ ಹಕ್ಕಿಗೆ ಹೋಲಿಸಬೇಡ. ನನಗೆ ಅತ್ತಿಹಣ್ಣು ತಂದುಕೊಡುವವರು ಯಾರೂ ಇಲ್ಲ, ಶೆಡ್ಡಿಗೆ ಎರಡು ಬಾಗಿಲಿವೆ. ಮಧ್ಯಾಹ್ನ ಮೊಸರನ್ನ ಉಣ್ಣುತ್ತೇನೆ. ಒಮ್ಮೊಮ್ಮೆ ನಿಂತುಕೊಂಡೇ.

ಅಕ್ಷ ಕೂತಿದೆ. ತಿರುಗುತ್ತದೆ ಕೂಡ. ಮೊದಲ ಸಲ ಮರ ತನ್ನಷ್ಟಕ್ಕೆ ತಿರುಗಿ ಬೆನ್ನು ತೋರಿಸಿದಾಗ ನಾನು ಚಿಕ್ಕ ಹುಡುಗಿಯ ಹಾಗೆ ಕೂಗಿದೆನಂತೆ. ಹಾಗೆಂದು ಮಾರಪ್ಪನ್ ಬೀದಿಗೆಲ್ಲ ಹೇಳಿದ್ದಾರೆ.

ಆದರೆ ಸುತ್ತು ಮುಚ್ಚುತ್ತಿಲ್ಲ. ಹೇಗೆಂದು ಹೇಳುತ್ತೇನೆ ಕೇಳು. ಮಾರಪ್ಪನ್ ತಮ್ಮ ಲೇತ್‌ನಲ್ಲಿ ಮರ ಕಡೆದು ಕೈಗಿಟ್ಟು “ಸುತ್ತುಪಟ್ಟಿ ಬರೋ ಕಡೆ ಅಡ್ಡಕ್ಕೆ ನಲವತ್ತು ಮಿಲ್ಲಿ” ಅನ್ನುತ್ತಾರೆ. ಆ ನಲವತ್ತಕ್ಕೆ ಬರುವ ಸುತ್ತಳತೆಗೆ ಸರಿಯಾಗಿ ನಾನು ಗಿಳಿ, ಬಳ್ಳಿಗಳ ಸಾಲು ಬರೆಯುತ್ತೇನೆ. ಅತ್ತ ಮರಕ್ಕೆ ದಾರ ಸುತ್ತಿ, ಸ್ಕೇಲಿನಲ್ಲಿ ಅಳೆದು, ಒಂದು ಸುತ್ತಿಗೆ ಎಷ್ಟು ಓಡಬೇಕೆಂದು ಮೋಟಾರಿಗೆ ಹೇಳಿಕೊಟ್ಟಿದ್ದೇನೆ. ಕೊನೆಯ ಗಿಳಿಯ ಕೊಕ್ಕು ಮೊದಲ ಗಿಳಿಯ ಬಾಲಕ್ಕೆ ತಾಗಬೇಕು. ತಾಗುವುದಿಲ್ಲ. ನಡುವೆ ಅಕ್ಕಿಕಾಳಿನ ದಪ್ಪ ಬೋಳುಜಾಗ ಉಳಿಯುತ್ತದೆ.

ಬೆಲ್ಟು ಬಿಗಿ ಮಾಡಿದೆ. ಬೆಲ್ಟನ್ನೇ ಬದಲಾಯಿಸಿದೆ. ಹಿಡಿಕೆ ಸಡಿಲವೇ ಎಂದು ಬಿಚ್ಚಿ ಜೋಡಿಸಿದೆ. ಮನೆಗೆ ಹೋಗಿ ಒಲೆಯ ಮೇಲೆ ಹಾಲಿಟ್ಟು, ಇನ್ನೊಂದು ಕಾರಣ ಹೊಳೆದು, ಒಲೆ ಆರಿಸಿ ಮತ್ತೆ ಶೆಡ್ಡಿಗೆ ಓಡಿ ಬರುತ್ತೇನೆ. ಬೋಳುಜಾಗ ಹಾಗೇ ಇರುತ್ತದೆ. ಅದೂ ಪ್ರತಿಸಲ ಅಷ್ಟೇ ಅಗಲ. ಹುಚ್ಚು ಹಿಡಿಸುವುದು ಅದೇ. ಸಡಿಲವಾಗಿದ್ದರೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗಬೇಕಿತ್ತಲ್ಲ?

ಮಾರಪ್ಪನ್ ಹೇಳುತ್ತಾರೆ, “ಟೀಚರಮ್ಮಾ, ಆನೈಮಲೈಗೆ ಹೋಗಿ ಮಾಸಾಣಿಯಮ್ಮನ ಕಲ್ಲಿಗೆ ಮೆಣಸಿನಕಾಯಿ ಅರೆದು ಹಚ್ಚಿ ಬನ್ನಿ. ಮೋಟಾರ್ ಕಂಪನಿಕಾರ ಬೆಂದುಹೋಗ್ಲಿ.” ಅನ್ಯಾಯವಾದವರು ಹಾಗೆ ಹಚ್ಚುತ್ತಾರಂತೆ. ಹೋಗುವುದಾದರೆ ನಿನ್ನ ಬೆಟ್ಟದ ಬುಡಕ್ಕೇ ಬಂದ ಹಾಗಾಗುತ್ತದೆ.

ಅಕ್ಷರ ಸ್ವಲ್ಪ ವಾರೆ. ಪೆನ್ನು ಸರಿಯಿಲ್ಲ.

ಅಮ್ಮ

*

ಕ್ಯಾಂಪ್
9 ಮಾರ್ಚ್

ಅಮ್ಮಾ,

ಪೆನ್ನು ಸರಿಯಿಲ್ಲವಂತೆ. ನಿನ್ನೆ ಸಾಮಾನು ತರಲು ಕೆಳಗೆ ಇಳಿದಿದ್ದೆ. ಸಿಗ್ನಲ್ ಸಿಕ್ಕ ಕೂಡಲೇ ನಿನಗೆ ಮಾಡಿದೆ, ನೀನು ಎತ್ತಲಿಲ್ಲ. ಮಾರಪ್ಪನ್ ಮಾಮನಿಗೆ ಮಾಡಿದೆ.

“ಅದೊಂದೂ ಇಲ್ಲೆ ಕಣ್ಣಮ್ಮಾ, ಹೆಬ್ಬೆರಳಿಗೆ ನಾಲ್ಕೇ ಹೊಲಿಗೆ. ಮರ ತಿರುಗ್ತಾ ಇರೋವಾಗ ಕೈ ಇಟ್ಬುಟ್ರು. ಅಮ್ಮ ಅಳಲೇ ಇಲ್ಲ ತೆರಿಯುಮಾ? ಗಿಳಿಗೆ ರಕ್ತ ಆಯ್ತು ಅಂತ ಬೈದ್ರು.”

ಅವರು ನನ್ನನ್ನು ಸಮಾಧಾನ ಮಾಡುತ್ತಿದ್ದರು, ಪಾಪ. ನಾನು ಬಸ್‌ಸ್ಟ್ಯಾಂಡಿನಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತು ಅತ್ತೆ.

ಹೇಳಬೇಕು ಅನ್ನಿಸಲಿಲ್ಲವಾ ನಿನಗೆ?

ಹಕ್ಕಿ ಚೆನ್ನಾಗಿದೆ. ಇನ್ನೇನೂ ಬರೆಯಲು ತೋಚುತ್ತಿಲ್ಲ.

ಭೂಮಿ

*

ಪೀಳಮೇಡು
22 ಮಾರ್ಚ್

ಭೂಮಿ,

ಇವತ್ತು ಕಲೈಸೆಲ್ವಿ ಫೋನ್ ಮಾಡಿದ್ದರು. ದನಿಯಲ್ಲಿ ಸಂತೋಷವಿತ್ತು. “ಸತ್ಯಾ, ನಿನ್ನ ಮಗಳು ಎಲ್ಲ ಹೇಳಿದಳು. ಜೂನ್‌ಗೆ ಬರುತ್ತೀಯಂತೆ, ನೀನೇ ಹೇಳಲು ಸಂಕೋಚಪಡುತ್ತಿದ್ದೀಯಂತೆ. ಹನ್ನೆರಡನೇ ಕ್ಲಾಸಿಗೆ ನಿನ್ನ ಹೆಸರೇ ಹಾಕಿದ್ದೇನೆ” ಅಂದರು. ನಾನು ಏನು ಹೇಳಿದೆನೋ ನೆನಪಿಲ್ಲ. ಥ್ಯಾಂಕ್ಸ್ ಅಂದಿರಬೇಕು.

ಬಸ್‌ಸ್ಟ್ಯಾಂಡಿನಲ್ಲಿ ನೀನು ಅಳುವುದರ ಜೊತೆಗೆ ಇದನ್ನೂ ಮಾಡಿದ್ದೆ. ಕಾಗದದಲ್ಲಿ ಬರೆಯಲಿಲ್ಲ.

ನಾನು ನಿನ್ನ ಪ್ರೊಫೆಸರಿಗೆ ಫೋನ್ ಮಾಡಿ, ಭೂಮಿಗೆ ಬೆಟ್ಟ ಸಾಕಾಗಿದೆ, ಹೇಳಲು ಸಂಕೋಚಪಡುತ್ತಿದ್ದಾಳೆ ಅಂದಿದ್ದರೆ?

ಸತ್ಯಾ

*

ಕ್ಯಾಂಪ್
19 ಏಪ್ರಿಲ್

ಅಮ್ಮಾ,

ನಿನ್ನ ಆ ಕಾಗದಕ್ಕೆ ಏನು ಬರೆಯಬೇಕೆಂದು ತೋಚದಿದ್ದರೂ, ಜೀಪು ಬರುವ ಸದ್ದಾದಾಗಲೆಲ್ಲ ಇನ್ನೊಂದು ಕಾಗದ ಬಂದೀತೆಂದು ಬಂಡೆಯಿಂದ ಇಳಿದು ಓಡುತ್ತೇನೆ. ಈಶ್ವರನ್ ಅಣ್ಣ ದೂರದಿಂದಲೇ ಕೈಯಾಡಿಸುತ್ತಾರೆ, ಇಲ್ಲ ಎಂದು. ಕಳೆದ ಸಲ ಪಾಪ ಅನ್ನಿಸಿ ತಮ್ಮ ಹಳೆಯ ತಮಿಳು ದಿನಪತ್ರಿಕೆಯನ್ನೇ ಮಡಿಸಿ ಕೊಟ್ಟರು, “ಓದ್ಕೊ ಪಾಪಾ, ಇದೂ ಕಾಗದ ತಾನೆ.”

ನಾನು ಮಾಡಿದ್ದು ತಪ್ಪು. ಆದರೆ ಯಾಕೆ ಮಾಡಿದೆ ಅನ್ನುವುದನ್ನೂ ಹೇಳದಿದ್ದರೆ ತಪ್ಪು ಪೂರ್ತಿಯಾಗುವುದಿಲ್ಲ.

ಅರುಣಾಚಲದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ. ಅಲ್ಲಿಯ ಕಾಡಿನಲ್ಲಿ ಇದೇ ಹಕ್ಕಿಯ ಮೇಲೆ. ಜುಲೈಯಲ್ಲಿ ಶುರು. ಜನವರಿಯಿಂದಲೇ ಗೊತ್ತಿತ್ತು. ಮೇ ಮೂವತ್ತೊಂದರೊಳಗೆ ಹೌದು ಅಥವಾ ಇಲ್ಲ ಹೇಳಬೇಕು. ಅಲ್ಲಿಂದ ಮನೆಗೆ ಬರಬೇಕೆಂದರೆ ದಾರಿಯಲ್ಲೇ ದಿನಗಳು ಹೋಗುತ್ತವೆ. ನಿನ್ನ ಹೆಬ್ಬೆರಳಿನ ಸುದ್ದಿ ಗಾಯ ಮಾಗಿದ ಮೇಲೆ ನನಗೆ ತಲುಪುತ್ತದೆ.

ಅಪ್ಪ ನಮ್ಮನ್ನು ಬಿಟ್ಟು ಹುಬ್ಬಳ್ಳಿಗೆ ಹೋದಾಗ ನಾನು ಮನೆಯಲ್ಲಿದ್ದೆ. ನೀನು ಅವತ್ತು ಇಡೀ ಅಡುಗೆಮನೆಯ ಡಬ್ಬಿಗಳನ್ನು ಇಳಿಸಿ, ಒರೆಸಿ, ಮತ್ತೆ ಅಲ್ಲೇ ಇಟ್ಟೆ. ನಾನು ಬೆಟ್ಟಕ್ಕೆ ಬಂದ ತಿಂಗಳೇ ನೀನು ಶಾಲೆಗೆ ರಜೆ ಹಾಕಿ ಯಂತ್ರ ಜೋಡಿಸಲು ಕೂತೆ. ಅದೂ ಡಬ್ಬಿ ಒರೆಸಿದ ಹಾಗೆಯೇ ನನಗೆ ಕಂಡಿತು. ಇನ್ನೂ ದೂರ ಹೋದರೆ ಏನು ಬಿಚ್ಚಿ ಜೋಡಿಸುತ್ತೀಯೋ ಎಂದು ಹೆದರಿಕೆ. ನೀನು ಶಾಲೆಯಲ್ಲಿದ್ದರೆ, ಸುತ್ತ ನಾಲ್ಕು ಜನರಿದ್ದರೆ, ನಾನು ಹೋಗಬಲ್ಲೆ. ನನ್ನ ಸ್ವಾರ್ಥ ಇಷ್ಟೇ. ಇಷ್ಟೇ ಅಂದರೂ ಚಿಕ್ಕದಲ್ಲ.

ಉತ್ತರ ಬರೆ. ಬೈದಾದರೂ ಬರೆ.

ನಿನ್ನ
ಭೂಮಿ

*

ಪೀಳಮೇಡು
4 ಮೇ

ಭೂಮಿ,

ಬೈಯುವುದಿಲ್ಲ. ನಿನ್ನ ಕಾಗದವನ್ನು ಶೆಡ್ಡಿಗೆ ಒಯ್ದು ಓದಿದೆ, ಮನೆಗೆ ತಂದು ಓದಿದೆ. ಬಸ್ಸಿನಲ್ಲೂ ಓದಿದೆ. ಡಬ್ಬಿಗಳ ವಿಷಯ ನೀನು ಹೇಳಿದ್ದು ನಿಜ. ಯಂತ್ರದ ವಿಷಯ ಅರ್ಧ ನಿಜ. ಉಳಿದರ್ಧವನ್ನು ಹೇಗೆ ಹೇಳಬೇಕೋ ತಿಳಿಯದೆ ಇಷ್ಟು ದಿನ ಬರೆಯಲಿಲ್ಲ. ಈಗಲೂ ತಿಳಿದಿಲ್ಲ. ಅದಕ್ಕೇ ಮೊದಲು ಗಿಳಿಗಳ ವಿಷಯ.

ಸುತ್ತು ಮುಚ್ಚಿತು.

ಕಳೆದ ವಾರ ನನ್ನ ಸ್ಟೀಲ್ ಸ್ಕೇಲನ್ನು ಮನೆಯಲ್ಲಿ ಮರೆತಿದ್ದೆ. ಮಾರಪ್ಪನ್ ಸ್ಕೇಲು ತೆಗೆದುಕೊಂಡು ಒಂದು ಹಲಗೆಗೆ ಗೆರೆ ಹಾಕಿಟ್ಟೆ. ಮರುದಿನ ನನ್ನ ಸ್ಕೇಲಿನಲ್ಲಿ ನೋಡಿದರೆ ಗೆರೆ ಉದ್ದವಾಗಿದೆ. ಹಲಗೆ ಬೆಳೆಯುವುದಿಲ್ಲವಲ್ಲ. ಎರಡು ಸ್ಕೇಲುಗಳನ್ನು ಪಕ್ಕಪಕ್ಕ ಇಟ್ಟೆ. ಆರಂಭದಲ್ಲಿ ಗೆರೆಗೆ ಗೆರೆ ಕೂಡುತ್ತದೆ. ಮುಂದೆ ಹೋದಂತೆ ಒಂದರ ಗೆರೆ ಇನ್ನೊಂದರಿಂದ ಮೆಲ್ಲಗೆ ಸರಿಯುತ್ತದೆ. ಕೊನೆಗೆ ಬರುವಷ್ಟರಲ್ಲಿ ಎರಡಕ್ಕೂ ಪರಿಚಯವೇ ಇಲ್ಲ.

“ಮಾರಪ್ಪನ್, ನಿಮ್ಮ ಸ್ಕೇಲ್ ತಪ್ಪಾಗಿದೆ” ಅಂದೆ.

“ಯಾರ ಸ್ಕೇಲು ತಪ್ಪು? ಅದು ಪ್ಯಾಟರ್ನ್ ಸ್ಕೇಲುಂಗೊ! ಹಿತ್ತಾಳೆ ಕಾದಾಗ ಒಂದಳತೆ, ಆರಿದ್ಮೇಲೆ ಚಿಕ್ಕದಾಗ್ತದೆ. ಅದ್ಕೇ ನಾವು ಮರಾನ ಮೊದ್ಲೇ ದೊಡ್ದು ಮಾಡದು. ಆ ಲೆಕ್ಕ ಸ್ಕೇಲೊಳಗೇ ಇರ್ತದೆ. ಪೀಳಮೇಡಲ್ಲಿ ನಾಯಿಗೂ ಗೊತ್ತುಂಗೊ!”

“ನಾಯಿ ನನಗೆ ಹೇಳಲಿಲ್ಲ. ನೀವೂ ಹೇಳಲಿಲ್ಲ. ಮೋಟಾರಿನವನನ್ನು ಶಪಿಸಿ ಮೆಣಸಿನಕಾಯಿ ಅರೆಯಿರಿ ಅಂದಿರಿ.”

ಅವರು ಎಷ್ಟು ನಕ್ಕರೆಂದರೆ ಪಕ್ಕದ ವರ್ಕ್‌ಶಾಪಿನವರು ಬಂದು ಇಣುಕಿದರು. ಅವರ ನಲವತ್ತು ನನ್ನ ನಲವತ್ತಕ್ಕಿಂತ ಕೊಂಚ ದೊಡ್ಡದು. ಅವರ ನಲವತ್ತನ್ನು ನಂಬಿ ಚಿತ್ರ ಬರೆದೆ, ನನ್ನ ಸ್ಕೇಲನ್ನು ನಂಬಿ ಮೋಟಾರಿಗೆ ಲೆಕ್ಕ ಕೊಟ್ಟೆ. ದಾರದ ಅಳತೆ ಹೆಚ್ಚು ಬಂದಾಗ ದಾರದ ದಪ್ಪ ಇರಬೇಕು ಎಂದುಕೊಂಡೆ. ಇಬ್ಬರೂ ಸರಿಯಾಗಿ ಅಳೆದು, ನಡುವೆ ಒಂದು ಅಕ್ಕಿಕಾಳು ಕಳೆದುಕೊಂಡೆವು. ಈಗ ಅವರ ಸ್ಕೇಲಿನಲ್ಲೇ ಎರಡನ್ನೂ ಅಳೆದೆ. ಗಿಳಿ ಗಿಳಿಯನ್ನು ಮುಟ್ಟಿತು.

ಚಿತ್ತಿರೈ ತಿಂಗಳ ಶುರುವಿಗೆ, ಅಂದರೆ ಏಪ್ರಿಲ್ ನಡುವಿಗೆ, ಕೊಡಬೇಕಾಗಿದ್ದ ಮಾದರಿ ಅದು. ತಡವಾಗಿ ಕಾಂಗೇಯಂಗೆ ಒಯ್ದೆ. ಕನ್ನಿಯಮ್ಮಾಳ್ ಅದನ್ನು ಅಂಗೈಯಲ್ಲಿ ಹಿಡಿದು, ಉಗುರಿನಿಂದ ಗಿಳಿಗಳ ಮೇಲೆ ಸುತ್ತಿಸಿ, ಸುತ್ತಿಸಿ, ಸುತ್ತು ಕೂಡುವುದು ಎಲ್ಲಿ ಎಂದು ಹುಡುಕಿದರು. ಸಿಗಲಿಲ್ಲ.

“ಚೆನ್ನಾಗದೆ ಅಮ್ಮಣೀ. ಆದ್ರೆ ಒಂದು ಮಾತು. ವಾರವಾರ ಮಾದರಿ ಬರಣುಂ. ನೀವು ಟೀಚರ್ ಕೆಲಸಕ್ಕೆ ಹೋಗ್ಬುಟ್ಟು, ಮಿಕ್ಕ ಹೊತ್ನಲ್ಲಿ ನಮ್ದು ಮಾಡ್ತೀನಿ ಅಂದ್ರೆ ಬ್ಯಾಡ. ಅರೆ ಮನಸ್ಸಿಗೆ ನಾನು ಕೆಲಸ ಕೊಡಲ್ಲ. ತಿಂಗಳ ಕೊನೇಲಿ ಸೊಲ್ಲುಂಗೊ.”

ಹೀಗೆ ತಿಂಗಳ ಕೊನೆಗೆ ಕಲೈಸೆಲ್ವಿಗೆ ಉತ್ತರ, ಕನ್ನಿಯಮ್ಮಾಳ್‌ಗೆ ಉತ್ತರ, ನಿನಗೂ ಉತ್ತರ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ದರೂ ಎರಡು ಸಲ ಎದ್ದು ನಿಂತೆ. ಕಂಡಕ್ಟರ್ ಇಳಿಯುತ್ತೀರಾ ಎಂದು ಕೇಳಿದ. ಇಲ್ಲ ಅಂದೆ.

ಅಮ್ಮ

*

ಕ್ಯಾಂಪ್
18 ಮೇ

ಅಮ್ಮಾ,

ಗಿಳಿ ಗಿಳಿಯನ್ನು ಮುಟ್ಟಿತು ಎಂದು ಓದಿ ನಾನೂ ಕೂಗಿದೆ. ಈಶ್ವರನ್ ಅಣ್ಣ ಆನೆ ಬಂತೆಂದು ಜೀಪು ಹತ್ತಿದರು.

ಇಲ್ಲೂ ಒಂದು ಸುದ್ದಿ. ಹೆಣ್ಣುಹಕ್ಕಿ ಗೂಡಿನ ಬಾಗಿಲು ಒಡೆದು ಹೊರಬಂತು. ರೆಕ್ಕೆ ಮಾಸಿ, ಹಾರುವುದೇ ಮರೆತಂತೆ ಕೊಂಬೆಯ ಮೇಲೆ ತೂಗಾಡುತ್ತಿತ್ತು. ಮರಿ ಇನ್ನೂ ಒಳಗಿದೆ. ತಾಯಿ ಹೊರಟ ಮೇಲೆ ಮರಿ ತಾನೇ ಒಳಗಿನಿಂದ ಬಾಗಿಲನ್ನು ಮತ್ತೆ ಮೆತ್ತಿಕೊಂಡಿತು. ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ನೋಡಿದಾಗ ಬೇರೆಯೇ ಅನ್ನಿಸಿತು.

ನಾನು ಇನ್ನೂ ಅರುಣಾಚಲಕ್ಕೆ ಉತ್ತರ ಬರೆದಿಲ್ಲ. ‘ಇಲ್ಲ’ ಅಂತ ಒಂದು ಕಾಗದ ಬರೆದಿಟ್ಟಿದ್ದೇನೆ, ‘ಹೌದು’ ಅಂತ ಇನ್ನೊಂದು. ಈಶ್ವರನ್ ಅಣ್ಣ ಇಪ್ಪತ್ತೊಂಬತ್ತಕ್ಕೆ ಮೇಲೆ ಬರುತ್ತಾರೆ. ನಿನ್ನ ಕಾಗದ ಅದರಲ್ಲಿ ಬಂದರೆ ಅವತ್ತೇ ಒಂದನ್ನು ಕೆಳಗೆ ಕಳಿಸುತ್ತೇನೆ, ಆನೈಮಲೈಯಿಂದ ಅದು ಮೇಲ್‌ನಲ್ಲಿ ಹೋಗುತ್ತದೆ. ನೀನು ಶಾಲೆಗೆ ಹೋಗು ಎಂದು ಇನ್ನು ಹೇಳುವುದಿಲ್ಲ. ಶೆಡ್ಡಿನಲ್ಲೇ ಇರು. ಆಗ ನಾನು ಬರುತ್ತೇನೆ ಅಮ್ಮಾ, ಪೀಳಮೇಡಿನಲ್ಲೇ ಯಾವುದಾದರೂ ಕಾಲೇಜಿನಲ್ಲಿ ಪಾಠ ಮಾಡಬಹುದು. ಅದರಲ್ಲೇನೂ ತಪ್ಪಿಲ್ಲ.

ಭೂಮಿ

*

ಪೀಳಮೇಡು
26 ಮೇ

ಭೂಮಿ,

ಬೆಳಿಗ್ಗೆ ಶಾಲೆಗೆ ಹೋಗಿದ್ದೆ. ಕಲೈಸೆಲ್ವಿ ಹೊಸ ಟೈಮ್‌ಟೇಬಲ್ ಗೋಡೆಗೆ ಅಂಟಿಸಿದ್ದರು. ನನ್ನ ಹೆಸರು ನೀಲಿ ಶಾಯಿಯಲ್ಲಿ ಚೆಂದವಾಗಿ ಕಾಣುತ್ತಿತ್ತು. ರಾಜೀನಾಮೆ ಕೊಟ್ಟಾಗ ಅವರು ಓದದೆ ಮೇಜಿನ ಮೇಲಿಟ್ಟು, “ಯಾರೊಬ್ಬರೂ ಬೇಡ ಅನ್ನಲಿಲ್ಲವಾ ನಿನಗೆ?” ಎಂದು ಕೇಳಿದರು. “ಮಗಳು ಅಂದಳು” ಎಂದೆ. “ಮತ್ತೆ?” ಅಂದರು. ಲ್ಯಾಬಿನ ಬೀಗದ ಕೈ ಕೊಟ್ಟು ಬಂದೆ. ಹೆದರಿಕೆ ಇಲ್ಲವೆಂದು ನಿನ್ನ ಮುಂದೆ ನಟಿಸುವುದಿಲ್ಲ. ಬೆಲ್ಟು ಯಾವತ್ತಾದರೂ ಹರಿಯಬಹುದು, ಕನ್ನಿಯಮ್ಮಾಳ್‌ಗೆ ಬೇರೆ ಯಾರಾದರೂ ಸಿಗಬಹುದು.

ಆ ಉಳಿದರ್ಧ ಈಗ ಹೇಳುತ್ತೇನೆ. ಯಂತ್ರ ಶುರು ಮಾಡಿದ್ದು ನೀನಿಲ್ಲದ ಮನೆಯಲ್ಲಿ ಕೂರಲಾಗದೆ. ಅದರಲ್ಲಿ ಸುಳ್ಳಿಲ್ಲ. ಆದರೆ ಯಾವಾಗಲೋ ಅದು ಬದಲಾಯಿತು. ಸುತ್ತು ಮುಚ್ಚದ ಆ ವಾರಗಳಲ್ಲಿ ನಾನು ಮನೆಗೂ ಶೆಡ್ಡಿಗೂ ಓಡಾಡಿದೆನಲ್ಲ, ಅವು ನಿನ್ನನ್ನು ನೆನೆದು ಹಾಕಿದ ಹೆಜ್ಜೆಗಳಲ್ಲ. ಒಂದೊಂದು ದಿನ ಸಂಜೆಯವರೆಗೂ ನಿನ್ನ ನೆನಪೇ ಆಗುತ್ತಿರಲಿಲ್ಲ. ಇದನ್ನು ಮಗಳಿಗೆ ಬರೆಯುವುದು ಹೇಗೆಂದು ತಿಳಿಯದೆ ಸುಮ್ಮನಿದ್ದೆ. ನೋಡು, ಬರೆದೆ.

ಪೀಳಮೇಡಿನ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಅನ್ನುತ್ತೀಯ. ಬರುವುದಾದರೆ ಎಲ್ಲಿ ಮಲಗುತ್ತೀಯ? ಕನ್ನಿಯಮ್ಮಾಳ್ ಕಳಿಸಿದ ಮರದ ದಿಮ್ಮಿಗಳು ಮಳೆಗಾಲಕ್ಕೆ ಮೊದಲು ಒಣಗಬೇಕು. ಶೆಡ್ಡಿನಲ್ಲಿ ಜಾಗವಿಲ್ಲ. ನಿನ್ನೆ ಮಾರಪ್ಪನ್ ಬಂದು ನಿನ್ನ ಕೋಣೆಯಲ್ಲಿ ನೆಲದಿಂದ ಕಿಟಕಿಯವರೆಗೆ ಜೋಡಿಸಿಕೊಟ್ಟರು. ನಿನ್ನ ಮಂಚ ಅಡ್ಡ ಬಂತು. ಅವರ ತಂಗಿ ಕೃತ್ತಿಕಾಳ ಮನೆಗೆ ಕಳಿಸಿದೆ. ಪುಸ್ತಕಗಳು ಅಟ್ಟದ ಮೇಲಿವೆ, ಪ್ಲಾಸ್ಟಿಕ್ ಸುತ್ತಿ. ಕೋಣೆಯಲ್ಲಿ ಈಗ ಹಸಿಮರದ ವಾಸನೆ.

ಇದು ಈಶ್ವರನ್ ಕೈಯಲ್ಲಿ ಇಪ್ಪತ್ತೊಂಬತ್ತಕ್ಕೆ ನಿನ್ನನ್ನು ಸೇರಬೇಕು. ಎರಡರಲ್ಲಿ ಯಾವ ಕಾಗದ ಕೆಳಗೆ ಕಳಿಸಬೇಕೆಂದು ನಾನು ಹೇಳುವುದಿಲ್ಲ. ರಜೆಗೆ ಬರುವಾಗ ಮಾತ್ರ ಮೊದಲೇ ಬರೆ. ಹಾಲ್‌ನಲ್ಲಿ ಚಾಪೆ ಹಾಸಿರುತ್ತೇನೆ.

ನಿನ್ನ
ಅಮ್ಮ